ಕೈಗೆ ಬಂದಷ್ಟೇ ಸಂಬಳ

"ಸಹಿ ಹಾಕ್ಬೇಡಿ!"

ಪೆನ್ನು ಕಾಗದ ಮುಟ್ಟುವುದರಲ್ಲಿತ್ತು. ಓದಿಗೆ ಸಾಲ ಕೇಳಲು ಬಂದಿದ್ದ ಹುಡುಗಿ ಬೆಚ್ಚಿ ಕೈ ಹಿಂದೆಗೆದಳು.

ಬ್ಯಾಂಕಿನ ಸಾಲದ ಮೇಜಿನ ಪಕ್ಕ ನೆಲದ ಮೇಲೆ ಕೂತು ಪ್ರಿಂಟರ್ ಬಿಚ್ಚುತ್ತಿದ್ದ ಯುವಕ ತಲೆ ಎತ್ತಿ ನೋಡುತ್ತಿದ್ದ. ಬೆರಳಿಗೆಲ್ಲ ಮಸಿ, ಕಣ್ಣ ತುಂಬ ಗಾಬರಿ!

"ನಿಮಗ್ಯಾಕ್ರೀ ಅದೆಲ್ಲಾ?" ಎಂದಳು.

"ಐಟಿ ಡಿಗ್ರಿಗೆ ತಾನೇ? ನಾನೂ ಅದನ್ನೇ ಓದಿದ್ದು, ಇದೇ ಬ್ಯಾಂಕಿನ ಸಾಲದಲ್ಲಿ. ಈಗ ನೋಡಿ, ಎಲ್ಲಿ ಕೂತಿದ್ದೀನಿ!"

ಮ್ಯಾನೇಜರ್ ಜೋರಾಗಿ ಕೆಮ್ಮಿದರು. ಪಾಪ, ಬೈದರೆ ಪ್ರಿಂಟರ್ ಕೆಟ್ಟೇ ಉಳಿಯುತ್ತದೆ, ಬಿಟ್ಟರೆ ಸಾಲ ಕೊಡುವುದು ತಪ್ಪುತ್ತದೆ!

"ಯೋಚನೆ ಮಾಡಿ ಬರ್ತೀನಿ ಸರ್..." ಎಂದು ಎದ್ದು ಹೊರಟಳು.

ಅಡಮಾನಕ್ಕೆ ಇಡಬೇಕಿದ್ದುದು ಅಮ್ಮನ ಹೊಲಿಗೆ ಅಂಗಡಿ. ಅಪ್ಪ ಹೋದ ಮೇಲೆ ಇಬ್ಬರ ಹೊಟ್ಟೆ ತುಂಬಿಸಿದ ಅಂಗಡಿ. ಕಂತು ತಪ್ಪಿದರೆ ಅದೂ ಹೋಯಿತು!

ಅವನು ಹಿಂದೆಯೇ ಓಡಿ ಬಂದ. "ಸಾರಿ ರೀ... ಬಾಯಿ ತಡೀಲಿಲ್ಲ."

"ನಿಮ್ಮ ಸಂಬಳ ಎಷ್ಟು?"

ಹುಡುಗಿಯೊಬ್ಬಳು ಅವನನ್ನು ಕೇಳಿದ ಮೊದಲ ಪ್ರಶ್ನೆ ಇದು! ಅವನು ಕಿವಿಯವರೆಗೂ ಕೆಂಪಾದ. "ಹದಿನೆಂಟು ಸಾವಿರ."

"ಸಾಲದ ಕಂತು?"

"ಹತ್ತು."

ಅಂದಿನಿಂದ ಆ ಎರಡು ಅಂಕಿಗಳು ಅವಳ ನಿದ್ದೆ ಕೆಡಿಸಿದವು. ಹದಿನೆಂಟರಲ್ಲಿ ಹತ್ತು ಹೋದರೆ ಎಂಟು. ಬಾಡಿಗೆ, ಊಟ, ಬಸ್ಸು... ಎಷ್ಟು ಸಲ ಲೆಕ್ಕ ಹಾಕಿದರೂ ಕೊನೆಗೆ ಅಂಗಡಿಯೇ ಕೈಬಿಟ್ಟು ಹೋಗುತ್ತಿತ್ತು. ಅಮ್ಮನ ಹೊಲಿಗೆ ಯಂತ್ರವನ್ನು ಯಾರೋ ಹೊತ್ತೊಯ್ಯುವ ಕನಸು ಬಿದ್ದು, ಬೆವರಿ ಎದ್ದು ಕೂರುತ್ತಿದ್ದಳು.

ಆದರೂ ಏನಾದರೊಂದು ನೆಪ ಹುಡುಕಿ ಬ್ಯಾಂಕಿನ ಎದುರಿನ ಚಹಾ ಅಂಗಡಿಗೆ ಹೋಗುತ್ತಿದ್ದಳು. ಕೇಳಲು ಹೋಗುತ್ತಿದ್ದುದು ಓದಿನ ವಿಷಯ, ಕಾಯುತ್ತಿದ್ದುದು ಅವನ ನಗುವಿಗೆ! ಒಮ್ಮೆ ಗ್ಲಾಸು ಕೊಡುವಾಗ ಅವನ ಬೆರಳು ತಾಗಿತು. ಆ ಭಯವೇ ಬೇರೆ.

ಫೀಸು ಕಟ್ಟಲು ಕೊನೆಯ ದಿನ ಬಂತು.

"ನಂಗೆ ಸೀಟು ಬೇಡಮ್ಮ," ಎಂದಳು, ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಾ.

"ಅಂಗಡಿ ನಂದು, ಅದರ ತಲೆನೋವೂ ನಂದು. ನೀನ್ಯಾಕೆ ಮುಖ ಊದಿಸ್ಕೊಂಡಿದ್ದೀಯ ಪುಟ್ಟಿ?"

ಅಷ್ಟರಲ್ಲಿ ಬಟ್ಟೆ ಕೊಡಲು ಬಂದ ಹೆಂಗಸು ಮಾತಿಗೆ ಕೂತಳು. "ಬ್ಯಾಂಕಿಗೆ ಪ್ರಿಂಟರ್ ರಿಪೇರಿಗೆ ಬರ್ತಾನಲ್ಲ, ಅವನು ನನ್ನ ತಮ್ಮ. ಇಪ್ಪತ್ತೆಂಟು ಸಾವಿರ ಸಂಬಳ! ಆದ್ರೂ ಹೊಸ ಶರ್ಟ್ ತಗೋ ಅಂದ್ರೆ ಜಪ್ಪಯ್ಯ ಅನ್ನಲ್ಲ!"

ಮಗಳ ಕೈಯಲ್ಲಿದ್ದ ಕತ್ತರಿ ನಿಂತಿತು.

ಇಪ್ಪತ್ತೆಂಟಾ?! ಹಾಗಾದರೆ ಅವನು ಹೇಳಿದ್ದು ಸುಳ್ಳು... ಇಷ್ಟು ದಿನ ನನ್ನ ಹೆದರಿಸಿ ಆಟ ನೋಡಿದನಾ?

ಬ್ಯಾಂಕಿನ ಬಾಗಿಲಲ್ಲೇ ಅವನನ್ನು ಹಿಡಿದು ನಿಲ್ಲಿಸಿದಳು. ಕಣ್ಣು ತುಂಬಿತ್ತು. "ಯಾಕೆ ಸುಳ್ಳು ಹೇಳಿದ್ರಿ? ನಾನು ಓದಬಾರದು ಅಂತಾನಾ?"

"ಯಾವ ಸುಳ್ಳು?"

"ನಿಮ್ಮ ಸಂಬಳ ಇಪ್ಪತ್ತೆಂಟಂತೆ! ನಿಮ್ಮಕ್ಕನೇ ಹೇಳಿದ್ರು."

"ಅಯ್ಯೋ, ಕೈಗೆ ಬರೋದು ಹದಿನೆಂಟೇ ಕಣ್ರೀ! ಆಣೆ ಮಾಡ್ತೀನಿ!"

ಅವಳಿಗೆ ಏನೋ ಹೊಳೆಯಿತು. "ಅದು ಕಂತು ಕಟ್ಟಿದ ಮೇಲಾ... ಕಟ್ಟೋಕೆ ಮುಂಚೆನಾ?"

ಅವನು ಬೆರಳು ಮಡಚಿ ಲೆಕ್ಕ ಹಾಕಿದ.

"ಆ ಹತ್ತು ಸಾವಿರಾನ ನಾನು ಯಾವತ್ತೂ ನೋಡೇ ಇಲ್ಲ," ಎಂದ ಮೆಲ್ಲಗೆ. "ಸಂಬಳ ಬಿದ್ದ ಗಳಿಗೇಲೇ ಬ್ಯಾಂಕು ಎಳ್ಕೊಳ್ಳುತ್ತೆ. ಮೊದಲ ತಿಂಗಳಿಂದಲೂ ಹಾಗೇ. ಉಳಿದಿದ್ದೇ ಸಂಬಳ ಅಂದ್ಕೊಂಡು ಬದುಕಿಬಿಟ್ಟೆ..."

"ನಾನು ಅದರಲ್ಲೂ ಇನ್ನೊಂದು ಸಲ ಹತ್ತು ಕಳೆದೆ!" ಅವಳು ಅಳುತ್ತಲೇ ನಕ್ಕಳು. "ನನ್ನ ಸೀಟೇ ಹೋಗ್ತಿತ್ತಲ್ರೀ!"

"ಕ್ಷಮಿಸಿ..." ಎಂದ ಅವನು. "ಹದಿನೆಂಟರಲ್ಲೂ ಬದುಕು ಬಿಗಿಯೇ. ಒಂದು ತಿಂಗಳು ಕೆಲಸ ಹೋದ್ರೂ ಕಷ್ಟ. ಅದು ಸುಳ್ಳಲ್ಲ. ಆದ್ರೆ ಕಂತು ಒಂದೂ ತಪ್ಪಿಲ್ಲ. ನನ್ನ ಭಯಾನ ನಿಮ್ಮ ತಲೆಗೆ ಕಟ್ಟಿಬಿಟ್ಟೆ."

ಬಿಗಿ, ಆದರೆ ಆಗುತ್ತದೆ. ಅಂಗಡಿ ಉಳಿಯುತ್ತದೆ! ಅವಳು ಅಮ್ಮನಿಗೆ ಫೋನ್ ಮಾಡಿದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಅಮ್ಮ ಓಡಿ ಬಂದು ಮೊದಲು ಸಹಿ ಹಾಕಿದಳು. ಆಮೇಲೆ ಇವಳು. ಸಂಜೆಯೊಳಗೆ ಫೀಸು ಕಾಲೇಜಿಗೆ ಸೇರಿತು.

ಹೊರಗೆ ಅವನು ಕಾದು ನಿಂತಿದ್ದ. ಅಮ್ಮ ಇಬ್ಬರನ್ನೂ ಒಮ್ಮೆ ನೋಡಿ, "ಗಿರಾಕಿ ಕಾಯ್ತಿದ್ದಾರೆ," ಎಂದು ಬೇಗ ಬೇಗ ನಡೆದುಬಿಟ್ಟಳು.

"ಸಾಲ ತೀರೋವರೆಗೂ ಯಾರನ್ನೂ ಇಷ್ಟಪಡಬಾರದು ಅಂತಿದ್ದೆ," ಎಂದ ನೆಲ ನೋಡುತ್ತಾ. "ಆಗ್ಲಿಲ್ಲ. ನೀವಂದ್ರೆ ನಂಗೆ ಜೀವ."

ಅವಳು ತಲೆ ಎತ್ತಿದಳು. "ನನ್ನ ಸಾಲ ಇವತ್ತು ಶುರುವಾಗಿದೆ. ತುಂಬಾ ಹೆದರಿಕೆ ಆಗ್ತಿದೆ ಕಣ್ರೀ. ಅದು ತೀರೋವರೆಗೂ... ಕಾಯ್ತೀರಾ?"

"ಇಲ್ಲ."

ಅವಳು ತಿರುಗಿ ಒಂದು ಹೆಜ್ಜೆ ಇಟ್ಟಳು.

ಅವನು ಅವಳ ಕೈ ಹಿಡಿದುಕೊಂಡ. "ಕಾಯೋದ್ಯಾಕೆ? ಇಬ್ಬರೂ ಸೇರಿ ಕಟ್ಟೋಣ."