ಉಷ್ಣಾಂಶದ ಖಾಲಿ ಕಾಲಂ

"ಸ್ವಲ್ಪ ಶಾಕ್ ಹೊಡೆಯುತ್ತೆ. ಹೆದರ್ಕೋಬೇಡಿ."

"ಆಗಲೇ ಹೊಡೀತಲ್ಲ?"

"ನಾನಿನ್ನೂ ಸ್ವಿಚ್ಚೇ ಒತ್ತಿಲ್ಲ."

ಆಸ್ಪತ್ರೆಯ ನರಪರೀಕ್ಷೆಯ ಕೊಠಡಿಯಲ್ಲಿ ಆರು ವರ್ಷಗಳಿಂದ ಸಾವಿರಾರು ಕೈಗಳನ್ನು ಹಿಡಿದವಳು ಅವಳು. ಏನನ್ನೂ ಅಳೆಯದೆ ನಂಬದ ಅವಳಿಗೆ ಜೊತೆಯವರು ಇಟ್ಟ ಹೆಸರು 'ಅಳತೆಪಟ್ಟಿ'.

ಎದುರಿಗಿದ್ದವನು ಗಡಿಯಾರ ರಿಪೇರಿಯವನು. ಕಿರುಬೆರಳು ಜುಮ್ಮೆನ್ನುತ್ತದೆಂದು ಬಂದಿದ್ದ. ಎಣ್ಣೆ ಮೆತ್ತಿದ ಕೈ ತೋರಿಸಲು ನಾಚಿ, ಹೊರಗಿನ ನಲ್ಲಿಯ ತಣ್ಣೀರಿನಲ್ಲಿ ಹತ್ತು ನಿಮಿಷ ಉಜ್ಜಿ ತೊಳೆದಿದ್ದ.

"ಈ ಶಾಕ್ ಎಲ್ಲಿಗೆ ಹೋಗುತ್ತೆ?"

"ನರದಲ್ಲಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ. ಬಿಸಿ ಪಾತ್ರೆ ಮುಟ್ಟಿದ್ರೆ ಮಾತ್ರ ಬೆನ್ನುಹುರಿ ಕಾಯಲ್ಲ. ಕೈ ಎಳ್ಕೋ ಅಂತ ತಾನೇ ಹೇಳಿಬಿಡುತ್ತೆ. ಮಿದುಳಿಗೆ ಸುದ್ದಿ ಆಮೇಲೆ."

"ನಮ್ಮನೇಲೂ ಹಾಗೇ. ಅಮ್ಮ ತೀರ್ಮಾನ ಮಾಡ್ತಾಳೆ, ಅಪ್ಪಂಗೆ ಆಮೇಲೆ ಗೊತ್ತಾಗುತ್ತೆ."

ಅವಳು ನಕ್ಕುಬಿಟ್ಟಳು. ಆ ಕೊಠಡಿಯ ಯಂತ್ರಗಳು ಅಂಥ ಸದ್ದನ್ನು ಹಿಂದೆಂದೂ ಕೇಳಿರಲಿಲ್ಲ.

ಆದರೆ ವರದಿ ನಗುವಂತಿರಲಿಲ್ಲ. ನರದ ವೇಗ ತೀರಾ ಕಡಿಮೆ. ಡಾಕ್ಟರಮ್ಮ ಅದನ್ನು ನೋಡಿ, "ಸೂಕ್ಷ್ಮದ ಕೆಲಸ ಬಿಟ್ಟುಬಿಡಿ. ಆಪರೇಷನ್ ಯೋಚಿಸೋಣ" ಎಂದರು. ಅವನು ಎದ್ದು ಹೋದ.

ಮೂರನೆಯ ದಿನ ವರದಿಗಳನ್ನು ಜೋಡಿಸುವಾಗ ಅವಳ ಕಣ್ಣು ಅವನ ವರದಿಯ ಮೇಲೆ ನಿಂತಿತು. 'ಚರ್ಮದ ಉಷ್ಣಾಂಶ' ಎಂಬ ಕಾಲಂ ಖಾಲಿ!

ಕೈ ತಣ್ಣಗಿದ್ದರೆ ಆರೋಗ್ಯವಂತ ನರವೂ ಆಮೆಯಾಗುತ್ತದೆ. ಬೆಚ್ಚಗೆ ಮಾಡಿಯೇ ಅಳೆಯಬೇಕೆಂಬುದು ಮೊದಲ ಪಾಠ. 'ಅಯ್ಯೋ... ತಣ್ಣೀರಲ್ಲಿ ತೊಳೆದ ಅವನ ಕೈ ಇನ್ನೂ ಒದ್ದೆಯಾಗಿತ್ತು. ನಾನು ಎಲ್ಲಿದ್ದೆ?'

ಡಾಕ್ಟರಮ್ಮನ ಮುಂದೆ ತಪ್ಪೊಪ್ಪಿಕೊಂಡು, ಒಂದೇ ಉಸಿರಿಗೆ ಅವನ ಗಡಿಯಾರದ ಅಂಗಡಿಗೆ ಓಡಿದಳು. ಅವನು ಚಿಮಟಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬುತ್ತಿದ್ದ.

"ವರದಿ ತಪ್ಪು. ಇನ್ನೊಮ್ಮೆ ಪರೀಕ್ಷೆ ಮಾಡ್ಬೇಕು."

"ಮೆಷಿನ್ ಕೆಟ್ಟಿತ್ತಾ?"

"ಮೆಷಿನ್ ಸರಿಯಾಗೇ ಇತ್ತು. ಕೆಟ್ಟಿದ್ದು ನಾನು."

ಅವನ ಮುಖ ಬಿಗಿಯಿತು. "ಮೂರು ದಿನದಿಂದ ಊಟ ಸೇರ್ತಿಲ್ಲ ನಂಗೆ. ಈ ಕೈ ಬಿಟ್ರೆ ಬೇರೇನೂ ಗೊತ್ತಿಲ್ಲ. ಅಷ್ಟು ಅಳೆದು ತೂಗೋರು ನೀವು, ಹೇಗೆ ಮರೆತ್ರಿ?"

ಅವಳು ತಲೆ ತಗ್ಗಿಸಿದಳು. "ಕೈ ತಣ್ಣಗಿದೆ ಅಂತ ಗೊತ್ತಾಗ್ಲಿಲ್ಲ... ಹಿಡ್ಕೊಂಡಾಗ ನನ್ನ ಕೈಯೇ ಬಿಸಿ ಏರಿತ್ತು."

ಅವನ ಕೈಯಲ್ಲಿದ್ದ ಚಿಮಟ ಜಾರಿ ಬಿತ್ತು. ಅದು ನರದ ದೋಷವಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಮರುದಿನ ಬೆಳಿಗ್ಗೆ ಅವನ ಕೈಯನ್ನು ಬಿಸಿ ಬಟ್ಟೆಯಲ್ಲಿ ಸುತ್ತಿ, ಉಷ್ಣಾಂಶವನ್ನು ಮೂರು ಬಾರಿ ಬರೆದುಕೊಂಡು ಅಳೆದಳು. ವೇಗ ಸರಿಯಾಗಿತ್ತು. ಡಾಕ್ಟರಮ್ಮನೂ ನೋಡಿ ತಲೆಯಾಡಿಸಿ ಹೋದರು.

"ದಿನವಿಡೀ ಮೇಜಿಗೆ ಮೊಣಕೈ ಊರ್ತೀರಲ್ಲ, ಅಲ್ಲಿ ನರ ಚರ್ಮದ ಕೆಳಗೇ ಇರುತ್ತೆ. ಒಂದು ದಿಂಬು ಇಟ್ಕೊಳ್ಳಿ, ಸಾಕು."

"ದಿಂಬಿನಲ್ಲಿ ಹೋಗೋದಕ್ಕೆ ಅಂಗಡಿ ಮುಚ್ಚಿಸ್ತಿದ್ರಿ."

"ಪರೀಕ್ಷೆ ಮುಗೀತು. ಕೈ ಬಿಡ್ಲಾ?"

"ನಮ್ಮಮ್ಮ ಬೇರೆ ಹೇಳಿದ್ದಾಳೆ. ತಪ್ಪು ಒಪ್ಕೊಳ್ಳೋಕೆ ಅಂಗಡಿವರೆಗೂ ಓಡಿ ಬಂದೋಳನ್ನ ಬಿಡಬೇಡ ಅಂತ. ಅಪ್ಪಂಗಿನ್ನೂ ಗೊತ್ತಿಲ್ಲ... ಮದುವೆ ಆಗ್ತೀರಾ?"

"ಹೂಂ."

ಮಾತು ಹೊರಬಿದ್ದ ಮೇಲೆ ಅವಳೇ ಬೆಚ್ಚಿದಳು.

"ಯೋಚನೆ ಮಾಡಿ ಹೇಳಿದ್ರಾ?"

"ಇಲ್ಲ... ಬೆನ್ನುಹುರಿ ಹೇಳಿಬಿಡ್ತು. ಮಿದುಳಿಗೆ ಈಗ ಸುದ್ದಿ ಹೋಗ್ತಿದೆ."

"ಅದೇನನ್ನುತ್ತೋ... ಕಾಯ್ತೀನಿ."

ಅವಳು ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಅದೂ ಹೂಂ ಅಂತು. ಆದ್ರೆ ಮದುವೆ ದಿನ ತಣ್ಣೀರಲ್ಲಿ ಕೈ ತೊಳ್ಕೊಂಡು ಬರಬೇಡಿ."