ಕರಬಸಪ್ಪಜ್ಜನ ಕಣ್ಣು

ಅಜ್ಜನದು ಒಂದೂ ಫೋಟೊ ಇರಲಿಲ್ಲ. ಹಲಗೇರಿ ರಸ್ತೆಯ ಪಕ್ಕ ಕರಬಸಪ್ಪಜ್ಜನ ನೆನಪಿನ ಕಲ್ಲು ನಿಲ್ಲಿಸಬೇಕೆಂದು ಪಂಚಾಯಿತಿಯವರು ಹೊರಟಾಗ ಎದುರಾದ ಮೊದಲ ತೊಡಕೇ ಇದು.

ಅಜ್ಜ ಎತ್ತಿನ ವೈದ್ಯ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರಿಕೊಂಡು ಹೊರಟ ಚಕ್ಕಡಿಗಳು ಅವನ ಮನೆ ಮುಂದೆ ನಿಲ್ಲುತ್ತಿದ್ದವು. ಕುಂಟುವ ಎತ್ತಿಗೆ ಪುಕ್ಕಟೆ ಔಷಧ, ಮಿತಿಮೀರಿ ಹೇರಿದ ಯಜಮಾನನಿಗೆ ಪುಕ್ಕಟೆ ಬೈಗುಳ. ಆ ಸಿಟ್ಟಿನ ಮುಖ ಊರಿಗೆಲ್ಲ ನೆನಪಿತ್ತು.

"ಮೊಮ್ಮಗ ಚೇತನಕುಮಾರ ಅಜ್ಜನ ಪಡಿಯಚ್ಚು ಅದಾನ. ಅವನ್ನ ನೋಡಿ ಕೊರೀರಿ," ಎಂದರು ಸದಸ್ಯರು.

ಹೀಗೆ ಚೇತನಕುಮಾರ ರಾಣೆಬೆನ್ನೂರಿಗೆ ಬಂದು ಕಲ್ಲು ಕೊರೆಯುವ ಭುವನಾಳ ಶೆಡ್ಡಿನಲ್ಲಿ ಕುಳಿತ. ಶಿಲ್ಪಿಯಾಗಿದ್ದ ಅವಳ ಅಪ್ಪನ ಕೈ ಮುಪ್ಪಿಗೆ ನಡುಗತೊಡಗಿದ ಮೇಲೆ ಅವಳು ಒಬ್ಬಳೇ ಹಿಡಿದ ಮೊದಲ ದೊಡ್ಡ ಕೆಲಸವಿದು. ಇದು ಕೆಟ್ಟರೆ ಎರಡನೆಯದು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಯ ಮಾಡಿದ ಕರಿಕಲ್ಲಿನ ಮೇಲೆ ಉಳಿ ಬಿದ್ದರೆ ಬಿತ್ತು, ಅಳಿಸಲು ಬರುವುದಿಲ್ಲ.

"ರಸ್ತೆ ಕಡೆ ನೋಡ್ರಿ. ಸಿಟ್ಟಿಲೆ," ಎಂದಳು ಭುವನಾ.

"ಯಾರ ಮ್ಯಾಲೆ ಸಿಟ್ಟು ಮಾಡ್ಲಿ?"

"ನಿನ್ನೆ ಬಸ್ಸು ತಪ್ಪಿತ್ತಲ್ಲ, ಅದನ್ನ ನೆನಸ್ರಿ."

"ತಪ್ಪಿದ್ದಕ್ಕ ಇನ್ನೊಂದು ತಾಸು ಇಲ್ಲೇ ಕುಂತೆ. ಅದಕ್ಕ ಹ್ಯಾಂಗ ಸಿಟ್ಟು ಬರತೈತ್ರಿ?"

ಭುವನಾ ಬಗ್ಗಿ ನಗು ಮುಚ್ಚಿಕೊಂಡಳು. ಅವಳ ಹುಬ್ಬಿಗೆಲ್ಲ ಕಲ್ಲಿನ ಪುಡಿ ಮೆತ್ತಿತ್ತು. ಅವಳು ತಲೆ ಎತ್ತಿದಾಗಲೆಲ್ಲ ಅವನ ಕಣ್ಣು ರಸ್ತೆ ಬಿಟ್ಟು ಆಗಲೇ ಒಳಗೆ ಬಂದಿರುತ್ತಿತ್ತು. ಅವನು ಹುಬ್ಬು ಗಂಟಿಕ್ಕಿದ್ದೇ ಬಂತು, ಕಣ್ಣು ಮಾತ್ರ ಬೆಣ್ಣೆ. ಅವಳು ಕಂಡದ್ದನ್ನು ಕಂಡ ಹಾಗೆ ಕೊರೆದಳು. ಕೊರೆಯುವಾಗ ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಮಾತ್ರ ಮಾಡಲಿಲ್ಲ.

ಕಲ್ಲು ಮುಗಿದ ದಿನ ಸದಸ್ಯರು ಅಜ್ಜನ ಹೆಂಡತಿ ಪ್ರೇಮವ್ವನನ್ನು ಕರೆತಂದರು. ಅವಳು ಕಲ್ಲಿನ ಮುಖದ ಮೇಲೆ ಬೆರಳಾಡಿಸಿದಳು.

"ಮೂಗು ಅವರದ. ಮೀಸಿ ಅವರದ. ಕಣ್ಣು ಅವರದಲ್ಲ. ಇಷ್ಟು ವರ್ಷ ಬಾಳೇವು ಮಾಡೇನಿ, ನನ್ನ ಒಂದಿನಾನೂ ಹಿಂಗ ನೋಡಿಲ್ಲ."

"ನಾ ಮೊದಲ ಹೇಳಿದ್ದೆ," ಎಂದರು ಒಬ್ಬ ಸದಸ್ಯರು. "ಈ ಕೆಲಸ ಹಾವೇರಿ ಶಿಲ್ಪಿಗಳಿಗೆ ಕೊಡೂಣು."

ಚೇತನಕುಮಾರ ಮುಂದೆ ಬಂದ.

"ಅವರದು ತಪ್ಪಿಲ್ರಿ. ಅವರು ರಸ್ತೆ ನೋಡ್ರಿ ಅಂದ್ರು, ನಾ ಅವರನ್ನ ನೋಡಿದೆ. ದಿನಾ ನೋಡೇನಿ. ಅವರಂದ್ರ ನನಗ ಭಾಳ ಇಷ್ಟ. ಹೇಳಾಕ ಧೈರ್ಯ ಬಂದಿರಲಿಲ್ಲ. ನನ್ನ ಸಲುವಾಗಿ ಅವರ ಕೆಲಸ ಕೆಡಸಬ್ಯಾಡ್ರಿ."

ಪ್ರೇಮವ್ವ ಭುವನಾಳ ಕಡೆ ತಿರುಗಿದಳು.

"ಅಂವ ನೋಡಿದ್ದು ತಿಳೀತು. ನೀ ಯಾಕವ್ವ ಇಷ್ಟು ಚಂದ ಕೊರದಿ?"

ಕಳ್ಳನ ಜೀವ ಹುಳ್ಳಹುಳ್ಳಗೆ ಅನ್ನುವುದು ಸುಳ್ಳಲ್ಲ. ಭುವನಾಳ ಕಿವಿ ಕೆಂಪಾದವು.

"ಕೆಲಸ ಈಕಿಗೇ ಇರಲಿ," ಎಂದಳು ಪ್ರೇಮವ್ವ ಸದಸ್ಯರಿಗೆ. "ಕಂಡದ್ದು ಬಿಡದಂಗ ಕೊರಿಯೋ ಕೈ ಇದು. ಕಲ್ಲು ಹೊಳ್ಳಿಸಿ ಹಿಂದಿನ ಮೈಗೆ ಅವರ ಸಿಟ್ಟು ಕೊರೀಲಿ. ಸಿಟ್ಟು ರಸ್ತೆ ಕಡೆ ಇರಲಿ, ಈ ನೋಟ ಹೊಲದ ಕಡೆ."

ಹಿಂದಿನ ಮೈ ನಯವಾದ ಮೇಲೆ ಚೇತನಕುಮಾರ ಮತ್ತೆ ಬಂದು ಕುಳಿತ. ಹಲ್ಲು ಕಚ್ಚಿಕೊಂಡು ರಸ್ತೆಯ ಲಾರಿಗಳನ್ನಷ್ಟೇ ನೋಡಿದ. ಅವನ ಮಾತಿಗೆ ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಇಲ್ಲ ಅಂದುಬಿಟ್ಟರೆ ಎಂಬ ಹೆದರಿಕೆಗೆ ಅವನ ಮುಖ ತಾನಾಗಿಯೇ ಬಿಗಿದಿತ್ತು, ಅಜ್ಜನನ್ನೂ ಮೀರಿಸುವಂತೆ.

ಮಧ್ಯಾಹ್ನದ ಹೊತ್ತಿಗೆ ಭುವನಾ ಉಳಿ ಕೆಳಗಿಟ್ಟು ಓಢಣಿಯಿಂದ ಮುಖ ಒರೆಸಿಕೊಂಡಳು.

"ಕಣ್ಣು ಮುಗೀತ್ರಿ," ಎಂದಳು. "ಇನ್ನ ಈ ಕಡೆ ನೋಡ್ರಿ."

ಅವನು ತಿರುಗಿದ. ಅವಳು ಆಗಲೇ ಅವನನ್ನೇ ನೋಡುತ್ತಿದ್ದಳು, ಕೈಯಲ್ಲಿ ಯಾವ ಕೆಲಸವೂ ಇಲ್ಲದೆ.