ಎರಡು ಸ್ಪೇಸ್

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಕಾಲೇಜಿನ ಪ್ರಾಂಶುಪಾಲರು ಠಾಣೆಗೆ ಬಂದು ದೂರು ಕೊಟ್ಟರು. ವಿದ್ಯಾರ್ಥಿಗಳಿಗೆಂದು ಕಾಲುಬೆಲೆಗೆ ಸಿಗುವ ಡಿಸೈನ್ ಸಾಫ್ಟ್‌ವೇರನ್ನು ಯಾರೋ ಹೊರಗಿನವರು ಕಾಲೇಜಿನ ಇಮೇಲ್ ತೋರಿಸಿ ಕೊಂಡಿದ್ದರು. ಇದನ್ನು ನಿಲ್ಲಿಸದಿದ್ದರೆ ಇಡೀ ಕಾಲೇಜಿಗೇ ರಿಯಾಯಿತಿ ಬಂದ್ ಎಂದು ಕಂಪನಿ ಪತ್ರ ಬರೆದಿತ್ತು.

"ಇಮೇಲ್ ಮಾಡಿಕೊಡೋರು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ಕಂಪ್ಯೂಟರ್ ಲ್ಯಾಬಿನವರು. ಆದ್ರೆ ಪಾಸ್‌ವರ್ಡ್ ಗೋಡೆಗೇ ಅಂಟಿಸಿದಾರೆ."

"ಭೇಷ್! ಬೀಗದ ಪಕ್ಕದಲ್ಲೇ ಕೀಲಿಕೈ."

ಎಫ್‌ಐಆರ್ ದಾಖಲಾಯಿತು. ಸಂಜೆ ಹೆಡ್ ಕಾನ್‌ಸ್ಟೆಬಲ್ ಕಂಪನಿಗೆ ಹೋಗಿದ್ದ ಅರ್ಜಿಗಳ ಪ್ರತಿಗಳನ್ನು ಮೇಜಿನ ಮೇಲೆ ಹರಡಿದ.

"ಹೆಸರು ಬೇರೆ ಬೇರೆ, ಕೈ ಮಾತ್ರ ಒಂದೇ ಸಾರ್. ಪ್ರತಿ ವಾಕ್ಯ ಮುಗಿದ್ಮೇಲೆ ಎರಡೆರಡು ಸ್ಪೇಸ್. ಹೀಗೆ ಟೈಪ್ ಮಾಡೋರು ನಂಗೆ ಗೊತ್ತಿರೋದು ಒಬ್ರೇ."

"ಯಾರು?"

"ನೀವೇ ಸಾರ್."

ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ. ಮಹಡಿ ಮೇಲಿನ ಟೈಪಿಂಗ್ ಶಾಲೆ ನೆನಪಾಯಿತು. ರಿಬ್ಬನ್ನಿನ ವಾಸನೆ, ಸಾಲು ಯಂತ್ರಗಳ ಪಟಪಟ ಸದ್ದು, ಬೆನ್ನ ಹಿಂದೆ ಮೇಷ್ಟ್ರು. "ಫುಲ್‌ಸ್ಟಾಪ್ ಆದ್ಮೇಲೆ ಎರಡು ಸ್ಪೇಸ್ ಬಿಡೋ. ಓದೋನು ಉಸಿರಾಡ್ಬೇಡ್ವಾ?" ಎಂಥ ಸುಖದ ದಿನಗಳವು! ಈ ನೌಕರಿಗೆ ದಾರಿ ಮಾಡಿದ್ದೂ ಅಲ್ಲಿ ಪಳಗಿದ ಬೆರಳುಗಳೇ.

ಪ್ರಾಂಶುಪಾಲರಿಗೆ ಫೋನು ಮಾಡಿದರು. "ಲ್ಯಾಬಿಗೆ ವಯಸ್ಸಾದವರು ಯಾರಾದ್ರೂ ಬರ್ತಾರಾ?"

"ಸಂಜೆ ಪಾಠಕ್ಕೆ ಒಬ್ರು ಟೈಪಿಂಗ್ ಮೇಷ್ಟ್ರು. ಪಾಪ, ದೇವರಂಥ ಮನುಷ್ಯ."

ಮರುದಿನ ಇನ್‌ಸ್ಪೆಕ್ಟರ್ ಪಂಚರೊಂದಿಗೆ ಟೈಪಿಂಗ್ ಶಾಲೆಯ ಅದೇ ಮಹಡಿ ಹತ್ತಿದರು. ಟೈಪ್‌ರೈಟರುಗಳಿದ್ದ ಜಾಗದಲ್ಲಿ ಹಳೆಯ ಕಂಪ್ಯೂಟರುಗಳಿದ್ದವು. ಹೊಲಿಗೆ ಅಂಗಡಿಯ ಅಕ್ಕ ಪರದೆಯ ಮೇಲೆ ರವಿಕೆಗೆ ಹೂಬಳ್ಳಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಬೋರ್ಡು ಬರೆಯುವ ಪೇಂಟರು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಬಾರೋ. ಈಗ್ಲೂ ಬೆನ್ನು ಬಗ್ಗಿಸ್ಕೊಂಡೇ ನಡೀತೀಯಲ್ಲೋ."

"ಈ ಅರ್ಜಿಗಳು ನೀವು ಬರೆದಿದ್ದಾ ಸಾರ್?"

"ಹೌದು. ಕಲಿಯೋಕೆ ಬಂದೋರು ವಿದ್ಯಾರ್ಥಿಗಳಲ್ದೆ ಇನ್ನೇನು?"

"ಕಾಲೇಜಿನ ವಿದ್ಯಾರ್ಥಿಗಳಲ್ಲ."

ಮೇಷ್ಟ್ರು ತಲೆ ತಗ್ಗಿಸಿದರು. "ಪೂರ್ತಿ ಬೆಲೆ ಹೇಳಿದ್ರೆ ಇವರ್ಯಾರೂ ಮತ್ತೆ ಮೆಟ್ಲು ಹತ್ತಲ್ಲ. ಈ ಕೋಣೆ ವರ್ಷಗಟ್ಲೆ ಖಾಲಿ ಬಿದ್ದಿದ್ದು ನೋಡಿದೀನಪ್ಪ. ಇನ್ನೊಂದ್ಸಲ ನೋಡೋ ಶಕ್ತಿ ಇರ್ಲಿಲ್ಲ."

ಪಂಚನಾಮೆ ಮುಗಿಯಿತು. ಕಂಪ್ಯೂಟರುಗಳು ಜೀಪಿಗೇರಿದವು. ಅಕ್ಕ ಅರ್ಧ ಬಿಡಿಸಿದ ಬಳ್ಳಿಯೂ ಅದರೊಳಗೇ ಹೋಯಿತು.

ಠಾಣೆಯಲ್ಲಿ ದಸ್ತಗಿರಿ ಮೆಮೊವನ್ನು ಇನ್‌ಸ್ಪೆಕ್ಟರ್ ಬೇರೆಯವರಿಗೆ ಬಿಡದೆ ತಾವೇ ಟೈಪ್ ಮಾಡಲು ಕೂತರು. ಕುರ್ಚಿ ಕೊಟ್ಟರೂ ಕೂರದೆ ಮೇಷ್ಟ್ರು ಬಂದು ಬೆನ್ನ ಹಿಂದೆ ನಿಂತರು. 'ಆರೋಪಿ' ಎಂಬಲ್ಲಿಗೆ ಬಂದಾಗ ಇನ್‌ಸ್ಪೆಕ್ಟರ್ ತಲೆಯನ್ನು ಕೀಬೋರ್ಡಿನತ್ತ ಬಗ್ಗಿಸಿದರು.

"ಟೈಪ್ ಮಾಡೋವಾಗ ಕೀಲಿ ನೋಡ್ಬೇಡ ಕಣೋ," ಎಂದರು ಮೇಷ್ಟ್ರು ಮೆಲ್ಲಗೆ.

ಇನ್‌ಸ್ಪೆಕ್ಟರ್ ನೋಡುತ್ತಿದ್ದುದು ಕೀಲಿಗಳನ್ನಲ್ಲ. ತುಂಬಿದ ಕಣ್ಣು ಮರೆಸುತ್ತಿದ್ದರು, ಅಷ್ಟೇ. ವಾಕ್ಯ ಮುಗಿಸಿ, ಎರಡು ಸ್ಪೇಸ್ ಬಿಟ್ಟರು.